ಸೈಟು ಮಾರುವ ಮುನ್ನ

ಹೊಟ್ಟೆಯ ಕ್ಯಾನ್ಸರ್ ಲಿವರ್‌ಗೂ ಹಬ್ಬಿದೆ ಎಂದು ಡಾಕ್ಟರು ಹೇಳಿದರೆ ನಮ್ಮ ಜನ ಮಾಡೋದು ಎರಡೇ. ಸೈಟು ಮಾರಿ "ಆಪರೇಷನ್ ಮಾಡಿಬಿಡಿ ಸಾರ್" ಅಂತ ಕಾಲು ಹಿಡಿಯೋದು. ಇಲ್ಲವೇ ಮನೆಗೆ ತಂದು ಮಲಗಿಸೋದು. ಎರಡೂ ತಪ್ಪು ಸ್ವಾಮಿ!

ಹಬ್ಬಿದ ಮೇಲೆ ಜಠರ ಕತ್ತರಿಸಿ ತೆಗೆದರೂ ಆಯುಸ್ಸು ಹೆಚ್ಚಲಿಲ್ಲ ಎಂದು ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರದ ವೈದ್ಯರ ಅಧ್ಯಯನ 2016ರಲ್ಲೇ ಹೇಳಿದೆ. ರಕ್ತ ಹೋಗುತ್ತಿದ್ದರೆ, ಅನ್ನ ಇಳಿಯದಿದ್ದರೆ ಮಾತು ಬೇರೆ. ಮುಖ್ಯ ಚಿಕಿತ್ಸೆ ಕೀಮೋಥೆರಪಿ. ಅದು ಸಾಮಾನ್ಯವಾಗಿ ರೋಗವನ್ನು ಬೇರುಸಹಿತ ಕೀಳದು, ಹತೋಟಿಯಲ್ಲಿಡುತ್ತೆ.

ಬಯಾಪ್ಸಿ ತುಣುಕಿನಲ್ಲಿ ಹರ್-2 ಪರೀಕ್ಷೆ ಆಯಿತೇ ಎಂದು ಕೇಳಿ. ಸುಮಾರು ಐವರಲ್ಲಿ ಒಬ್ಬರಿಗೆ ಅದು ಪಾಸಿಟಿವ್. ಅಂಥವರಲ್ಲಿ ಕೀಮೋ ಮಾತ್ರ ಪಡೆದವರ ಪೈಕಿ ಅರ್ಧದಷ್ಟು ಜನ 11 ತಿಂಗಳು ದಾಟಿದರೆ, ಜೊತೆಗೆ ಟ್ರಾಸ್ಟುಜುಮಾಬ್ ಪಡೆದವರಲ್ಲಿ ಅರ್ಧದಷ್ಟು ಜನ ಸುಮಾರು 14 ತಿಂಗಳು ದಾಟಿದರು. ಇದು 2010ರಲ್ಲಿ ಪ್ರಕಟವಾದ ಲೆಕ್ಕ. ಮೂರೇ ತಿಂಗಳಾ ಅನ್ನಬೇಡಿ. ಮಗಳ ಮದುವೆ ನೋಡಲು ಅಷ್ಟು ಸಾಕು.

ನೋವಿನ ಮದ್ದು ಮೊದಲ ದಿನದಿಂದಲೇ ಬೇಕು, ಕೊನೆಗಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಕಾರ್ಡು, ರಿಪೋರ್ಟು ಹಿಡಿದು ಮೊದಲು ಬೆಂಗಳೂರಿನ ಕಿದ್ವಾಯಿಗೆ ಬಸ್ಸು ಹತ್ತಿ. ಸೈಟಿನ ಮಾತು ಆಮೇಲೆ.