ರಫ್ತಿನಲ್ಲಿ ಸರಕಾರಕ್ಕೂ ಪಾಲು: ಕಂಪೆನಿ ಒಪ್ಪಿದರೆ ಕಾನೂನು ಒಪ್ಪಿದಂತಾಯಿತೇ?

ಚೀನಾಕ್ಕೆ ಚಿಪ್ ಮಾರಬೇಕಾದರೆ ಬಂದ ಹಣದಲ್ಲಿ ಶೇ. 15ನ್ನು ಸರಕಾರಕ್ಕೆ ಕೊಡಬೇಕು. 2025ರ ಆಗಸ್ಟ್‌ನಲ್ಲಿ ಅಮೆರಿಕದ ಎನ್‌ವಿಡಿಯಾ ಮತ್ತು ಎಎಂಡಿ ಕಂಪೆನಿಗಳು ಒಪ್ಪಿಕೊಂಡ ಷರತ್ತು ಇದು. ತಾನು ಮೊದಲು ಕೇಳಿದ್ದು ಶೇ. 20, ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್ ಚೌಕಾಸಿ ಮಾಡಿ ಅದನ್ನು 15ಕ್ಕೆ ಇಳಿಸಿದರು ಎಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರೇ ಪತ್ರಕರ್ತರಿಗೆ ತಿಳಿಸಿದರು. ಮೀನು ಮಾರುಕಟ್ಟೆಯಲ್ಲಿ ಚೌಕಾಸಿ ಸಹಜ. ಆದರೆ ಸರಕಾರಕ್ಕೆ ಕಟ್ಟುವ ಹಣವೂ ಹೀಗೆ ಚೌಕಾಸಿಯಲ್ಲಿ ತೀರ್ಮಾನ ಆಗಬಹುದಾ?

ಹಿನ್ನೆಲೆ ಇಷ್ಟು. ಸುಧಾರಿತ ಎಐ ಚಿಪ್‌ಗಳು ಚೀನಾದ ಸೇನೆಗೆ ನೆರವಾಗಬಹುದು ಎಂಬುದು ಅಮೆರಿಕದ ಆತಂಕ. ಆ ನಿರ್ಬಂಧದ ಮಿತಿಯೊಳಗೆ ಇರುವಂತೆ ಎನ್‌ವಿಡಿಯಾ ಚೀನಾಕ್ಕೆಂದೇ ‘ಎಚ್20’ ಚಿಪ್ ತಯಾರಿಸಿತ್ತು. 2025ರ ಎಪ್ರಿಲ್‌ನಲ್ಲಿ ಅದಕ್ಕೂ ಲೈಸನ್ಸ್ ಕಡ್ಡಾಯವಾಯಿತು. ದಾಸ್ತಾನು ಉಳಿದು ಕಂಪೆನಿ 450 ಕೋಟಿ ಡಾಲರ್‌ಗಳಷ್ಟು ನಷ್ಟ ತೋರಿಸಬೇಕಾಯಿತು. ಜುಲೈಯಲ್ಲಿ ಲೈಸನ್ಸ್ ಕೊಡುವ ಭರವಸೆ ಸಿಕ್ಕಿತು. ಆಗಸ್ಟ್‌ನಲ್ಲಿ ಅದರ ಬೆಲೆ ಗೊತ್ತಾಯಿತು.

ಸಂವಿಧಾನ ಹೇಳುವುದೇನು?

ಅಮೆರಿಕದ ಸಂವಿಧಾನದ ಮೊದಲ ವಿಧಿಯ 9ನೇ ಪರಿಚ್ಛೇದ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಯಾವುದೇ ರಾಜ್ಯದಿಂದ ರಫ್ತಾಗುವ ಸರಕಿನ ಮೇಲೆ ತೆರಿಗೆಯಾಗಲಿ ಸುಂಕವಾಗಲಿ ಹಾಕುವಂತಿಲ್ಲ. 1787ರಲ್ಲಿ ಸಂವಿಧಾನ ಬರೆಯುವಾಗ ತಂಬಾಕು, ಅಕ್ಕಿ, ನೀಲಿ ರಫ್ತು ಮಾಡುತ್ತಿದ್ದ ದಕ್ಷಿಣದ ರಾಜ್ಯಗಳಿಗೆ ಒಂದು ಭಯವಿತ್ತು. ಬಹುಮತ ಇದ್ದವರು ತಮ್ಮ ಬೆಳೆಯ ಮೇಲೆ ಸುಂಕ ಹಾಕಿ ಖಜಾನೆ ತುಂಬಿಸಿಕೊಂಡರೆ ಗತಿ ಏನು ಎಂದು. ಆ ಭಯದ ಫಲವೇ ಈ ನಿಷೇಧ.

ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಓದಿದೆ. ಬಂದರು ನಿರ್ವಹಣೆಗೆಂದು ಸರಕಿನ ಮೌಲ್ಯದ ಕೇವಲ ಶೇ. 0.125ರಷ್ಟು ತೆರಿಗೆ ವಸೂಲಾಗುತ್ತಿತ್ತು. ಇದು ಸೇವಾ ಶುಲ್ಕ ಎಂದು ಸರಕಾರ ವಾದಿಸಿತು. ಸೇವೆಗೆ ಶುಲ್ಕ ಎಂದಾದರೆ ಅದು ಪಡೆದ ಸೇವೆಗೆ ತಕ್ಕಂತಿರಬೇಕು, ಸರಕಿನ ಮೌಲ್ಯ ನೋಡಿ ವಸೂಲು ಮಾಡಿದರೆ ಅದು ತೆರಿಗೆಯೇ ಎಂದು 1998ರಲ್ಲಿ ನ್ಯಾಯಾಲಯ ಒಮ್ಮತದಿಂದ ಹೇಳಿ, ರಫ್ತಿಗೆ ಅದನ್ನು ರದ್ದು ಮಾಡಿತು. ಶೇ. 0.125 ನಿಲ್ಲದ ಕಡೆ ಶೇ. 15 ಹೇಗೆ ನಿಲ್ಲುತ್ತದೆ?

ಇನ್ನೊಂದು ತೊಡಕೂ ಇದೆ. 2018ರ ರಫ್ತು ನಿಯಂತ್ರಣ ಸುಧಾರಣಾ ಕಾಯ್ದೆಯ ಪ್ರಕಾರ ಲೈಸನ್ಸ್ ಅರ್ಜಿ ಸಲ್ಲಿಕೆಗೆ, ಪರಿಶೀಲನೆಗೆ ಯಾವುದೇ ಶುಲ್ಕ ಪಡೆಯುವಂತಿಲ್ಲ.

‘ಸ್ವಇಚ್ಛೆ’ಯ ವಾದ

ಇದು ತೆರಿಗೆಯೇ ಅಲ್ಲ, ಕಂಪೆನಿಗಳು ಒಪ್ಪಿ ಕೊಡುವ ಹಣ ಎಂಬುದು ಸಮರ್ಥಕರು ಮುಂದಿಡಬಹುದಾದ ವಾದ. ಆದರೆ ಕೊಡದಿದ್ದರೆ ಲೈಸನ್ಸ್ ಇಲ್ಲ ಎಂದಾದಾಗ ಅದನ್ನು ಇಚ್ಛೆ ಅನ್ನುವುದು ಕಷ್ಟ. ಸ್ವತಃ ಎನ್‌ವಿಡಿಯಾ ತನ್ನ ಹೂಡಿಕೆದಾರರಿಗೆ ಆಗಸ್ಟ್ ಕೊನೆಯಲ್ಲಿ ತಿಳಿಸಿದ್ದು ಇಷ್ಟೇ: ಸರಕಾರ ಶೇ. 15 ನಿರೀಕ್ಷಿಸುತ್ತಿದೆ, ಆದರೆ ಈ ಬಗ್ಗೆ ಯಾವ ನಿಯಮವನ್ನೂ ಪ್ರಕಟಿಸಿಲ್ಲ.

ಹಾಗಾದರೆ ಕೋರ್ಟಿಗೆ ಹೋಗುವವರು ಯಾರು? ನೇರವಾಗಿ ನಷ್ಟ ಅನುಭವಿಸಿದವರೇ ದಾವೆ ಹೂಡಬೇಕು ಎಂಬುದು ಅಲ್ಲಿನ ನಿಯಮ. ಹಣ ಕೊಡುವ ಕಂಪೆನಿಯ ಮುಂದಿನ ಲೈಸನ್ಸ್ ಸರಕಾರದ ಕೈಯಲ್ಲೇ ಇದೆ. ಹಾಗಾಗಿ ಅದು ಬಾಯಿ ಬಿಡುವುದಿಲ್ಲ. ಕಾನೂನು ಎಷ್ಟೇ ಸ್ಪಷ್ಟವಿದ್ದರೂ ಪ್ರಶ್ನಿಸುವವರಿಲ್ಲದಿದ್ದರೆ ಅದು ಪುಸ್ತಕದಲ್ಲೇ ಉಳಿಯುತ್ತದೆ.

ಸುತ್ತು ದಾರಿ

ಡಿಸೆಂಬರ್‌ನಲ್ಲಿ ಟ್ರಂಪ್ ಇನ್ನಷ್ಟು ಶಕ್ತಿಶಾಲಿಯಾದ ‘ಎಚ್200’ ಚಿಪ್ ಮಾರಾಟಕ್ಕೂ ಅನುಮತಿ ಘೋಷಿಸಿದರು. ಈ ಬಾರಿ ಪಾಲು ಶೇ. 25. 2026ರ ಜನವರಿಯಲ್ಲಿ ಅದು ಬೇರೆ ರೂಪ ತಾಳಿತು. ಈ ಚಿಪ್‌ಗಳು ತಯಾರಾಗುವುದು ತೈವಾನ್‌ನಲ್ಲಿ. ಚೀನಾಕ್ಕೆ ಹೋಗುವ ಮೊದಲು ಅವು ಅಮೆರಿಕಕ್ಕೆ ಬರುವಾಗ, 1962ರ ವ್ಯಾಪಾರ ಕಾಯ್ದೆಯಡಿ ಶೇ. 25 ಆಮದು ಸುಂಕ ವಿಧಿಸಲಾಯಿತು. ರಫ್ತಿಗೆ ಸುಂಕ ನಿಷಿದ್ಧ, ಆಮದಿಗಲ್ಲ! ಮೊದಲ ದಾರಿ ಗಟ್ಟಿಯಾಗಿದ್ದರೆ ಈ ಸುತ್ತು ದಾರಿಯ ಅಗತ್ಯ ಬೀಳುತ್ತಿರಲಿಲ್ಲ.

ಕಾನೂನಿಗಿಂತ ದೊಡ್ಡ ಪ್ರಶ್ನೆ ಭದ್ರತೆಯದ್ದು. ಚಿಪ್ ನಿಜಕ್ಕೂ ಅಪಾಯಕಾರಿಯಾದರೆ ಶೇ. 25 ಕೊಟ್ಟ ಮಾತ್ರಕ್ಕೆ ಅಪಾಯ ಕಡಿಮೆಯಾಗದು. ಅಪಾಯ ಇಲ್ಲವೆಂದಾದರೆ ತಡೆಯಲು ಕಾರಣವೇ ಇಲ್ಲ. ರಾಷ್ಟ್ರೀಯ ಭದ್ರತೆಗೆ ದರ ನಿಗದಿಯಾದರೆ ನಾಳೆ ಆ ನಿರ್ಬಂಧವನ್ನು ಮಿತ್ರದೇಶಗಳೂ ನಂಬುವುದಿಲ್ಲ.

ಭಾರತದಲ್ಲಿ ರಫ್ತು ಸುಂಕಕ್ಕೆ ಇಂಥ ನಿಷೇಧವಿಲ್ಲ. 2023ರ ಆಗಸ್ಟ್‌ನಲ್ಲಿ ಈರುಳ್ಳಿ ರಫ್ತಿಗೆ ಶೇ. 40 ಸುಂಕ ಬಿದ್ದಾಗ ರೈತರು ಬೀದಿಗಿಳಿದರು. ಮುಂದೆ ಅರ್ಧಕ್ಕಿಳಿದ ಸುಂಕ 2025ರ ಎಪ್ರಿಲ್ 1ರಂದು ಪೂರ್ತಿ ರದ್ದಾಯಿತು. ಸುಂಕ ಸರಿಯೋ ತಪ್ಪೋ, ಅದಕ್ಕೊಂದು ಅಧಿಸೂಚನೆ ಇತ್ತು, ಎಲ್ಲರಿಗೂ ಒಂದೇ ದರ ಇತ್ತು. ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲು ಮಾಡುವಂತಿಲ್ಲ ಎನ್ನುತ್ತದೆ ನಮ್ಮ ಸಂವಿಧಾನದ 265ನೇ ವಿಧಿ.

ಐಟಿ, ರಫ್ತು ಕ್ಷೇತ್ರಗಳಿಗೆ ಕಾಲಿಡುತ್ತಿರುವ ಯುವಕ ಯುವತಿಯರು ಗಮನಿಸಬೇಕಾದದ್ದು ಇದನ್ನೇ. ಅಧ್ಯಕ್ಷರ ಕಚೇರಿಗೆ ಹೋಗಿ 20ನ್ನು 15 ಮಾಡಿಸಿಕೊಳ್ಳುವ ತಾಕತ್ತು ಎನ್‌ವಿಡಿಯಾಕ್ಕಿದೆ. ಸಣ್ಣ ಉದ್ಯಮಿಗೆ ಆ ಬಾಗಿಲು ತೆರೆಯುವುದಿಲ್ಲ. ಅವನನ್ನು ಕಾಯುವುದು ಮೊದಲೇ ಬರೆದಿಟ್ಟ, ಎಲ್ಲರಿಗೂ ಒಂದೇ ಆಗಿರುವ ನಿಯಮ ಮಾತ್ರ.