ವಾರದ ಬುತ್ತಿ, ಉಪ್ಪಿನ ಭರಣಿ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ತಾಯಂದಿರಿಗೆ ವಾರದ ಆಹಾರವನ್ನು ಮುಂಚಿತವಾಗಿ ಸಿದ್ಧಪಡಿಸುವ ಕ್ರಮವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಮ್ಮೆ ಬಡಿದಿಟ್ಟ ಕಟಕ ರೊಟ್ಟಿ, ಶೇಂಗಾ, ಅಗಸಿ, ಗುರೆಳ್ಳಿನ ಹಿಂಡಿಗಳು ವಾರವಿಡೀ ಮನೆಯನ್ನು ಸಾಕುತ್ತವೆ. ಥೈರಾಯ್ಡ್ ಬೇನೆಯುಳ್ಳ ಭಕ್ತರು ಈಚೆಗೆ ನಮ್ಮನ್ನು ಕೇಳುವುದೊಂದೇ: ಈ ಊಟದಲ್ಲಿ ಏನನ್ನು ಬದಲಿಸಿದರೆ ಗುಳಿಗೆಯನ್ನು ಬಿಡಬಹುದು?

ಗುಳಿಗೆಯನ್ನು ಬಿಡಲಾಗದು. ಇಂದು ಹೆಚ್ಚಾಗಿ ಕಾಣುವ ಥೈರಾಯ್ಡ್ ಮಾಂದ್ಯಕ್ಕೆ ದೇಹದ ರಕ್ಷಣಾಶಕ್ತಿಯೇ ಆ ಗ್ರಂಥಿಯ ಮೇಲೆ ತಿರುಗಿ ಬೀಳುವುದು ಕಾರಣ. ಅದನ್ನು ಯಾವ ಸೊಪ್ಪೂ ಸರಿಪಡಿಸದು. ಆಹಾರದಿಂದ ತಡೆಯಬಹುದಾದದ್ದು ಅಯೋಡಿನ್ ಕೊರತೆಯ ಗಳಗಂಡವನ್ನು. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು. ಕಡಲು ದೂರ, ಮೀನು ನಮ್ಮ ಪಂಕ್ತಿಗೆ ಸಲ್ಲದು. ಹಾಲು ಮೊಸರುಗಳಿಂದ ಒಂದಿಷ್ಟು ದೊರೆತರೂ ಮುಖ್ಯ ಆಧಾರ ಉಪ್ಪೇ. ಭಾರತ ಸರಕಾರವು 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದ್ದು ಉಪ್ಪಿನ ಮೂಲಕವೇ. ಹಾಗೆಂದು ಹೆಚ್ಚು ಉಪ್ಪು ತಿನ್ನತಕ್ಕದ್ದಲ್ಲ, ರಕ್ತದೊತ್ತಡ ಕಾದು ಕುಳಿತಿರುತ್ತದೆ.

ಈಚೆಗೆ ಕೆಲವು ಮನೆಗಳಲ್ಲಿ ಶುದ್ಧವೆಂಬ ಭಾವದಿಂದ ನಿತ್ಯದ ಅಡಿಗೆಗೂ ಸೈಂಧವ ಲವಣವನ್ನೇ ಬಳಸುವುದನ್ನು ಕಾಣುತ್ತೇವೆ. ಅಯೋಡಿನ್ ಸೇರಿಸದ ಸೈಂಧವದಲ್ಲಿ ಅದು ಅತ್ಯಲ್ಪ. ಮನೆಯಲ್ಲಿ ಬಸುರಿ ಇದ್ದರಂತೂ ಈ ಶುದ್ಧಿ ಕೂಸಿನ ಬುದ್ಧಿಬೆಳವಣಿಗೆಗೇ ಕುಂದು ತಂದೀತು. ಅಯೋಡಿನ್ ಉಪ್ಪನ್ನು ಮುಚ್ಚಳವಿರುವ ಭರಣಿಯಲ್ಲಿ, ಒಲೆಯಿಂದ ದೂರವಿಡಬೇಕು. ಹಿಂಡಿ ಕುಟ್ಟುವಾಗ ಶೇಂಗಾ, ಅಗಸಿಗಳನ್ನು ಹುರಿದು, ಆರಿದ ಮೇಲೆ ಉಪ್ಪು ಬೆರೆಸಬೇಕು; ಸಾರಿಗೂ ಪಲ್ಯಕ್ಕೂ ಇಳಿಸುವ ಹೊತ್ತಿಗೆ ಹಾಕಿದರೆ ಒಳ್ಳೆಯದು.

ಸಜ್ಜೆಯ ಬಗೆಗೆ ಅಂಜಿಕೆ ಹಬ್ಬಿದೆ. ಅದರಲ್ಲಿ ಗ್ರಂಥಿಯ ಕೆಲಸವನ್ನು ತಡೆಯುವ ಅಂಶವಿರುವುದು ನಿಜ. ಸುಡಾನಿನ ದಾರ್ಫುರ್ ಸೀಮೆಯಲ್ಲಿ ಸಜ್ಜೆಯೇ ಮುಖ್ಯ ಆಹಾರವಾಗಿ, ಅಯೋಡಿನ್ನೂ ಕಡಿಮೆಯಾದಲ್ಲಿ ಗಳಗಂಡ ಹೆಚ್ಚಿತ್ತು. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆರೊಟ್ಟಿಗೆ ಈ ಭಯವೇಕೆ? ವಾರದ ರೊಟ್ಟಿ ಜೋಳದ್ದಿರಲಿ, ನಡುವೆ ಒಂದೆರಡು ದಿನ ಸಜ್ಜೆಯದು ಬರಲಿ. ಎಲೆಕೋಸನ್ನು ಬೇಯಿಸಿ ಉಣ್ಣಬಹುದು.

ಶಿವಪೂಜೆಗೆ ಮುನ್ನ ಏನನ್ನೂ ಸೇವಿಸದ ತಾಯಂದಿರು ಗುಳಿಗೆಯನ್ನು ಊಟದ ಮೇಲೆ ನುಂಗುತ್ತಾರೆ. ಔಷಧವು ಆಹಾರವಲ್ಲ. ಎದ್ದೊಡನೆ ಬರಿಯ ನೀರಿನೊಡನೆ ಅದನ್ನು ತೆಗೆದುಕೊಂಡರೆ ಸ್ನಾನ, ಪೂಜೆ ಮುಗಿಯುವಷ್ಟರಲ್ಲಿ ಬೇಕಾದ ಅರ್ಧ ಮುಕ್ಕಾಲು ತಾಸು ತಾನೇ ಕಳೆದಿರುತ್ತದೆ. ಚಹಾ, ಹಾಲು ಆಮೇಲೆ. ಕಬ್ಬಿಣದ ಇಲ್ಲವೆ ಸುಣ್ಣಾಂಶದ ಗುಳಿಗೆಗಳಿದ್ದರೆ ನಾಲ್ಕು ತಾಸು ಬಿಟ್ಟು.