ಒಂದು ವೀಸಾಕ್ಕೆ ಎಷ್ಟು ರಾಜಧಾನಿ?

ಮಗಳು ಬರ್ಲಿನ್ನಿನಲ್ಲಿ ಎಂ.ಎಸ್. ಮಾಡುತ್ತಿದ್ದಾಳೆ, ಬೇಸಿಗೆಗೆ ಅಪ್ಪ–ಅಮ್ಮ ಬರುತ್ತಿದ್ದಾರೆ ಎಂದರೆ ಸಾಕು, ಪಟ್ಟಿ ಸಿದ್ಧವಾಗುತ್ತದೆ. ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಂ, ಪ್ರಾಗ್, ವಿಯೆನ್ನಾ, ಸಾಧ್ಯವಾದರೆ ರೋಮ್. ‘ಇಷ್ಟು ದೂರ ಬಂದ ಮೇಲೆ ಎಲ್ಲಾ ನೋಡಿಬಿಡಲಿ’ ಎಂಬುದು ಮಕ್ಕಳ ಆಸೆ. ಸಾಲ ಮಾಡಿ ಓದಿಸಿದವರಿಗೆ ಏನಾದರೂ ತೋರಿಸಬೇಕೆಂಬ ಆ ಹಂಬಲ ದೊಡ್ಡದು. ಆದರೆ ಎರಡು ವಾರದಲ್ಲಿ ಆರು ರಾಜಧಾನಿ ಸುತ್ತಿದ ತಂದೆತಾಯಿ ನೋಡುವುದು ಹೆಚ್ಚಾಗಿ ರೈಲು ನಿಲ್ದಾಣ, ಲಗೇಜ್ ಮತ್ತು ಮೆಟ್ಟಿಲುಗಳನ್ನೇ. ಪಟ್ಟಿಯನ್ನು ಎರಡಕ್ಕೆ ಇಳಿಸಬೇಕು.

ಪಟ್ಟಿ ಉದ್ದವಾಗಲು ಷೆಂಗೆನ್ ವೀಸಾವೂ ಕಾರಣ. ಒಂದೇ ವೀಸಾದಲ್ಲಿ 29 ದೇಶ. ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ಇರಬಹುದು. ಇಷ್ಟೆಲ್ಲ ಬಾಗಿಲು ತೆರೆದಿರುವಾಗ ಒಂದೆರಡು ಊರಿಗೆ ತೃಪ್ತಿಪಡುವುದು ನಷ್ಟವೆನಿಸುತ್ತದೆ. ಖರ್ಚಿನ ಲೆಕ್ಕ ಮಾತ್ರ ಬೇರೆಯೇ ಹೇಳುತ್ತದೆ. ಜರ್ಮನಿಗೆ ಓದಲು ಹೋಗುವವರು ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆಂದು ತೋರಿಸುವ ಮೊತ್ತ 11,904 ಯೂರೋ, ಅಂದರೆ ತಿಂಗಳಿಗೆ 992. ಬಾಡಿಗೆ, ವಿಮೆ, ಊಟ ಎಲ್ಲವೂ ಅದರಲ್ಲೇ. ಮೂವರ ಆರು ಊರಿನ ಹೋಟೆಲು, ರೈಲು ಅದರೊಳಗೆ ಹಿಡಿಯುವುದಿಲ್ಲ. ಪಾರ್ಟ್‌ಟೈಮ್ ಕೆಲಸದಲ್ಲಿ ಕೂಡಿಟ್ಟದ್ದೂ ಕರಗಿಹೋಗುತ್ತದೆ.

ಇನ್ನು ಮಂಡಿನೋವಿನ ವಿಚಾರ. ಐಫೆಲ್ ಗೋಪುರದ ಎರಡನೇ ಅಂತಸ್ತಿಗೆ 674 ಮೆಟ್ಟಿಲುಗಳಿವೆ. ಅಲ್ಲಿ ಲಿಫ್ಟ್ ಇರುವುದರಿಂದ ಚಿಂತೆಯಿಲ್ಲ. ಪ್ಯಾರಿಸ್ಸಿನ ಮೆಟ್ರೊ ಅಷ್ಟು ಸುಲಭವಲ್ಲ. 1900ರಲ್ಲಿ ಶುರುವಾದ ಆ ಜಾಲದ ಹಳೆಯ ನಿಲ್ದಾಣಗಳಲ್ಲಿ ಲಿಫ್ಟ್ ಅಪರೂಪ. ಬಹಳ ಕಾಲದ ನಂತರ ಬಂದ 14ನೇ ಮಾರ್ಗದಲ್ಲಿ ಮಾತ್ರ ಎಲ್ಲೆಡೆ ಆ ಅನುಕೂಲವಿದೆ. ದಿನಕ್ಕೆ ನಾಲ್ಕು ಸಲ ಗಾಡಿ ಬದಲಿಸಿದರೆ ಗೋಪುರ ಹತ್ತದೆಯೇ ಗೋಪುರ ಹತ್ತಿದಷ್ಟು ಸುಸ್ತು. ಇಪ್ಪತ್ತೈದರ ಕಾಲುಗಳು ಹಾಕಿದ ಯೋಜನೆಯನ್ನು ಅರವತ್ತರ ಕಾಲುಗಳು ನಡೆಯಬೇಕಾಗುತ್ತದೆ. ಅಮ್ಮ ‘ಏನೂ ಆಗಲ್ಲ, ನಡಿ’ ಎನ್ನುತ್ತಾರೆ. ರಾತ್ರಿ ಮುಲಾಮು ಹುಡುಕುತ್ತಾರೆ.

ಓದುವ ಊರನ್ನೇ ನಿಧಾನವಾಗಿ ತೋರಿಸಿದರೆ ಏನೆಲ್ಲ ಸಿಗುತ್ತದೆ ಎಂಬುದಕ್ಕೆ ಬರ್ಲಿನ್ ಒಳ್ಳೆಯ ಉದಾಹರಣೆ. 100ನೇ ನಂಬರಿನ ಸಿಟಿ ಬಸ್ಸು ಸಾಮಾನ್ಯ ಟಿಕೆಟ್ಟಿನಲ್ಲೇ ಮೃಗಾಲಯದ ಬಳಿಯಿಂದ ಅಲೆಕ್ಸಾಂಡರ್‌ಪ್ಲಾಟ್ಸ್‌ವರೆಗೆ ನಗರದ ಮುಖ್ಯ ತಾಣಗಳ ಪಕ್ಕದಲ್ಲೇ ಸಾಗುತ್ತದೆ. ಸಂಸತ್ತು ಸೇರುವ ರೈಖ್‌ಸ್ಟಾಗ್ ಕಟ್ಟಡದ ಗಾಜಿನ ಗುಮ್ಮಟಕ್ಕೆ ಪ್ರವೇಶ ಉಚಿತ. ಮೊದಲೇ ಹೆಸರು ನೋಂದಾಯಿಸಬೇಕು, ಪಾಸ್‌ಪೋರ್ಟ್ ಒಯ್ಯಬೇಕು. ಚಾವಣಿಯವರೆಗೆ ಲಿಫ್ಟ್, ಅಲ್ಲಿಂದ ಮೆಟ್ಟಿಲಿಲ್ಲದ ಇಳಿಜಾರು ದಾರಿ. ಹುಂಬೋಲ್ಟ್ ವಿಶ್ವವಿದ್ಯಾಲಯದ ಎದುರಿನ ಬೇಬೆಲ್‌ಪ್ಲಾಟ್ಸ್‌ನಲ್ಲಿ 1933ರ ಮೇ 10ರಂದು ನಾಜಿಗಳು ಪುಸ್ತಕ ಸುಟ್ಟರು. ಅದರ ನೆನಪಿಗೆ ನೆಲದಡಿ, ಗಾಜಿನ ಕೆಳಗೆ, ಖಾಲಿ ಕಪಾಟುಗಳನ್ನು ಇಡಲಾಗಿದೆ.

ಬೆರ್ನೌಅರ್ ಬೀದಿಯಲ್ಲಿ ಉಳಿಸಿಕೊಂಡಿರುವ ಬರ್ಲಿನ್ ಗೋಡೆಯ ಮುಂದೆ ಗೈಡು ಯಾರೆಂಬುದೇ ಬದಲಾಗುತ್ತದೆ. 1989ರ ನವೆಂಬರ್ 9ರಂದು ಗೋಡೆ ತೆರೆದಾಗ ಇಂದು ಅರವತ್ತರ ಹತ್ತಿರವಿರುವ ತಂದೆತಾಯಿ ಇಪ್ಪತ್ತು ದಾಟಿದವರು, ಪತ್ರಿಕೆಯಲ್ಲಿ, ಟಿ.ವಿ.ಯಲ್ಲಿ ಕಂಡ ಸುದ್ದಿ ಅವರಿಗೆ ನೆನಪಿರುತ್ತದೆ. 2000ದ ಆಚೆ ಹುಟ್ಟಿದ ಮಗಳಿಗೆ ಅದು ಬರೀ ಪಾಠ. ಇಲ್ಲಿ ಅಪ್ಪ ಹೇಳಬೇಕು, ಮಗಳು ಕೇಳಬೇಕು. ಅಂಥ ಮಾತಿಗೆ ಅರ್ಧ ದಿನವಾದರೂ ಬೇಕು. ಮುಂದಿನ ರಾಜಧಾನಿಯ ರೈಲು ಕಾಯುತ್ತಿದ್ದರೆ ಆ ಅರ್ಧ ದಿನ ಎಲ್ಲಿಂದ ಬರಬೇಕು?

ಲಂಡನ್ನಿಗೆ ಬೇರೆಯೇ ವೀಸಾ. ಮಕ್ಕಳು ಅಲ್ಲೇ ಓದುತ್ತಿದ್ದರೆ ಕನ್ನಡ ಕುಟುಂಬ ಎರಡು ಜಾಗ ತಪ್ಪಿಸಬಾರದು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಹೊತ್ತೊಯ್ದ ಟಿಪ್ಪುವಿನ ಮರದ ಹುಲಿಯಿದೆ; ನೋಡಲು ಟಿಕೆಟ್ಟಿಲ್ಲ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ.

ಎರಡನೇ ರಾಜಧಾನಿ ರೈಲಿನಲ್ಲಿ ಸುಲಭವಾಗಿ ತಲುಪುವಂತಿರಲಿ. ಬರ್ಲಿನ್ನಿನಿಂದ ಪ್ರಾಗ್‌ಗೆ ನೇರ ರೈಲು ಹತ್ತಬಹುದು. ವಿಯೆನ್ನಾದಿಂದ ಬ್ರಾಟಿಸ್ಲಾವಾ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಪ್ರಾಗ್‌ನ ಕಲ್ಲುಹಾಸಿನ ಬೀದಿಗೆ ಮೆತ್ತನೆಯ ಶೂ ಬೇಕು. 1410ರ ಖಗೋಳ ಗಡಿಯಾರವಿರುವ ಹಳೆ ಪುರಭವನದ ಗೋಪುರಕ್ಕೆ ಲಿಫ್ಟ್ ಇದೆ. ಎರಡು ಸುತ್ತಾಟಗಳ ನಡುವೆ ಒಂದು ದಿನ ಅನ್ನ–ಸಾರು ಮಾಡಿಕೊಂಡು ಮನೆಯಲ್ಲೇ ಇರುವುದೂ ಪ್ರವಾಸದ ಭಾಗವೇ. ಮಗಳ ಕ್ಯಾಂಪಸ್ಸು, ಲ್ಯಾಬು, ಅವಳು ತರಕಾರಿ ಕೊಳ್ಳುವ ಅಂಗಡಿಗೂ ಒಂದು ದಿನ ಮೀಸಲಿಡಬೇಕು. ಅದು ಭಾನುವಾರ ಬೇಡ, ಜರ್ಮನಿಯಲ್ಲಿ ಅಂದು ಅಂಗಡಿಗಳು ಮುಚ್ಚಿರುತ್ತವೆ.

ವೀಸಾ ಅರ್ಜಿಯ ಜೊತೆ ಪ್ರವಾಸದ ವಿವರ, ತಂಗುವ ವಿಳಾಸ ಕೊಡಲೇಬೇಕು; ಹೆಚ್ಚು ದಿನ ಎಲ್ಲಿ ಇರುತ್ತಾರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಪಟ್ಟಿ ಚಿಕ್ಕದು ಮಾಡಲು ಅದೇ ಸರಿಯಾದ ಹೊತ್ತು. ಹೋಟೆಲು ಬುಕ್ ಮಾಡುವ ಮೊದಲು ಮಕ್ಕಳು ಆ ಪಟ್ಟಿಯನ್ನು ಅಪ್ಪ–ಅಮ್ಮನ ಮುಂದಿಟ್ಟು, ಯಾವುದನ್ನು ಬಿಡಬಹುದೆಂದು ಅವರನ್ನೇ ಕೇಳಲಿ.